ಮಂಟಪದ ಕಂಪ್ಯೂಟರ್ ಸರಿಹೋದ ಬಗೆ

ಈ ಸಭೆಯ ಅಧ್ಯಕ್ಷರೂ ನಮ್ಮ ಕಲ್ಯಾಣ ಮಂಟಪದ ಹಿರಿಯರೂ ಆದ ಪಂಚಾಕ್ಷರಯ್ಯನವರೇ, ಅರಕಲಗೂಡಿನಿಂದ ದಯಮಾಡಿಸಿರುವ ಅತಿಥಿಗಳೇ, ಟ್ರಸ್ಟಿನ ಸದಸ್ಯರೇ, ಒಗ್ಗರಣೆ ವಾಸನೆ ಬರುತ್ತಿದ್ದರೂ ಎದ್ದುಹೋಗದೆ ಕೂತಿರುವ ಸಭಿಕರೇ,

ಈ ಮಂಟಪದ ಕಾರ್ಯದರ್ಶಿಯಾಗಿ ನಾನು ಎಷ್ಟೋ ಜನಕ್ಕೆ ಶಾಲು ಹೊದಿಸಿದ್ದೇನೆ. ಇವತ್ತು ನನಗೇ ಹೊದಿಸಿದ್ದೀರಿ. ಕೆಟ್ಟಿದ್ದ ಬುಕಿಂಗ್ ಕಂಪ್ಯೂಟರನ್ನು ಈ ವಯಸ್ಸಿನಲ್ಲೂ ತಾವೇ ಕೂತು ಸರಿಮಾಡಿದರು ಎಂದು ಅಧ್ಯಕ್ಷರು ಹೊಗಳಿದರು. ಎರಡು ಮಾತಾಡಿ ಕೂತುಬಿಡೋಣ ಎಂದುಕೊಂಡೇ ಬಂದೆ. ಆದರೆ ಹೇಗೆ ಸರಿಮಾಡಿದಿರಿ, ಅದನ್ನೂ ಹೇಳಿ ಎಂದು ಅವರೇ ಅಪ್ಪಣೆ ಮಾಡಿದ್ದಾರೆ. ಹೇಗೆ ಸರಿಮಾಡಿದೆ?

ಮೊದಲು ಇಲ್ಲಿ ಮೇಲೊಂದು ಕೆಳಗೊಂದು ಹಾಲ್ ಇತ್ತು. ಒಂದು ಮುಹೂರ್ತಕ್ಕೆ ಎರಡು ಮದುವೆ. ಮೇಲಿನದು ಸೋರತೊಡಗಿದ ಮೇಲೆ ಬೀಗ ಹಾಕಿದೆವು. ಬುಕಿಂಗ್ ವೆಬ್‌ಸೈಟ್ ಮಾಡಿಕೊಟ್ಟಿದ್ದವಳು ನನ್ನ ಸೊಸೆ ರಂಜಿತಾ, ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಇನ್ನು ದಿನಕ್ಕೊಂದೇ ಮದುವೆ ಎಂದು ಅವಳು ಪ್ರೋಗ್ರಾಂ ತಿದ್ದಿ ಹಾಕಿದಳು. ಹಾಕಿದರೂ ಅದು ಹಳೇ ಲೆಕ್ಕದಲ್ಲೇ ಎರಡೆರಡು ಮದುವೆಗೆ ಒಪ್ಪಿಕೊಳ್ಳುತ್ತಿತ್ತು. ತನ್ನ ಫೋನಿನಲ್ಲಿ ನೋಡಿದಳು, ನನ್ನದರಲ್ಲಿ ನೋಡಿದಳು, ತಾನು ತಿದ್ದಿದ್ದೇ ತಪ್ಪೇನೋ ಎಂದು ಮತ್ತೆ ಓದಿದಳು. ಕೊನೆಗೆ ವೆಬ್‌ಸೈಟನ್ನು ನಡೆಸುತ್ತಿದ್ದ, ಆಫೀಸಿನ ಮೂಲೆಯ ಆ ಕಂಪ್ಯೂಟರಿನ ಮುಂದೆ ನಿಂತು ಹೇಳಿದಳು:

“ಮಾವ, ಒಳಗೆ ಹೊಸದೇ ಅದೆ. ಆದ್ರೆ ಇದು ಶುರುವಾದಾಗ ಓದ್ಕಂಡಿದ್ದನ್ನೇ ಇನ್ನೂ ನಡೆಸ್ತಾ ಅದೆ. ಒಂದ್ಸಲ ನಿಲ್ಲಿಸಿ ಶುರು ಮಾಡಿದ್ರೆ ಹೊಸದನ್ನ ಓದ್ಕತದೆ. ಎರಡೇ ನಿಮಿಷ.”

ನಾನು ಬಿಡಲಿಲ್ಲ. ಯಾಕೆ ಬಿಡಲಿಲ್ಲ? ಆ ಕಂಪ್ಯೂಟರನ್ನು ಒಳ್ಳೇ ಮುಹೂರ್ತ ನೋಡಿ, ಕುಂಕುಮ ಇಟ್ಟು, ಕಾಯಿ ಒಡೆದು, ಅಧ್ಯಕ್ಷರ ಕೈಯಿಂದ ಶುರು ಮಾಡಿಸಿದ್ದೆ. ಮದುವೆ ನಡೆಯುವ ಜಾಗದಲ್ಲಿ ಹಚ್ಚಿದ್ದನ್ನು ಆರಿಸುವುದುಂಟೇ? “ಲಗ್ನದ ತಿಂಗಳು ಕಳೀಲಿ, ಅಲ್ಲೀಗಂಟ ಮುಟ್ಬೇಡ ಕಣಮ್ಮ” ಎಂದೆ. ಅವಳು ಇನ್ನೊಂದು ಸಲ ಕೇಳಿದಳು. ಆಮೇಲೆ ಕೇಳಲಿಲ್ಲ.

ಮುಂದಿನದನ್ನು ನೀವೇ ನೋಡಿದ್ದೀರಿ. ಹಳೇಕೋಟೆಯ ರಾಮಣ್ಣನವರ ಮಗಳ ದಿಬ್ಬಣ ಈ ಬಾಗಿಲಿಗೆ ಬಂತು, ನುಗ್ಗೇಹಳ್ಳಿಯವರದೂ ಇದೇ ಬಾಗಿಲಿಗೆ ಬಂತು. ಎರಡು ಓಲಗ, ಎರಡು ಕಡೆ ಅಡುಗೆಯವರು, ಇರುವುದೊಂದೇ ಹಾಲ್. ಕೊನೆಗೆ ರಾಮಣ್ಣನವರ ಮಗಳಿಗೆ ಧಾರೆ ಎರೆದದ್ದು ಊಟದ ಮನೆಯಲ್ಲಿ, ಮೇಜುಗಳನ್ನು ಗೋಡೆಗೆ ಒತ್ತಿ. “ಏನ್ ಸಾ ಇದು, ನನ್ ಮಗಳ ಮದ್ವೆ ಕಣ್ ಸಾ” ಎಂದು ಅವರು ಕಣ್ಣೀರು ಹಾಕಿದರು. ನಾನೇನು ಹೇಳಿದೆ? “ಏನ್ಮಾಡ್ಲಪ್ಪ, ನಮ್ ಸೊಸೆ ಎರಡು ಮದುವೆ ಮೇಡಂ ಆಗ್ಬುಟ್ಟವ್ಳೆ” ಎಂದೆ.

ನೋಡಿ, ಈಗಲೂ ನಕ್ಕಿರಿ. ಅವತ್ತೂ ಹೀಗೇ ನಕ್ಕರು. ರಂಜಿತಾ ಅಲ್ಲೇ ಪನ್ನೀರುದಾನಿ ಹಿಡಿದು ನಿಂತಿದ್ದಳು. ಆ ಹೆಸರು ಬಸ್‌ಸ್ಟ್ಯಾಂಡಿನವರೆಗೂ ಹೋಯಿತು. ಎರಡು ಮದುವೆ ಮೇಡಂ ಹತ್ತಿರ ಕಲಿಯುವುದೇನು ಎಂದು ಜನ ಮಕ್ಕಳನ್ನು ಬಿಡಿಸಿದರು. ಈಗ ಕ್ಲಾಸಿನ ಬಾಗಿಲು ಹಾಕಿದೆ. ಹೆಸರಿಟ್ಟವರು ಯಾರೆಂದು ಊರು ಮರೆತಿದೆ. ಇಟ್ಟವನು ನಾನು.

ಇನ್ನು ಸರಿಮಾಡಿದ್ದು. ಒಂದು ಮಧ್ಯಾಹ್ನ ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತು. ಕರೆಂಟು ಬಂದಾಗ ಕಂಪ್ಯೂಟರ್ ತಾನಾಗಿ ಎದ್ದು, ದಿನಕ್ಕೊಂದೇ ಮದುವೆ ಎಂದಿತು. ನಾನು ಅಲ್ಲಿ ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ‘ನೀವೇ ಸರಿಮಾಡಿದಿರಾ’ ಎಂದು ಅಧ್ಯಕ್ಷರು ಕೇಳಿದರು. ಹೂಂ ಎಂದೆ. ಈ ಶಾಲು ಆ ಹೂಂಗೆ ಬಂದದ್ದು.

ರಂಜಿತಾ ಇಲ್ಲೇ, ಹೆಂಗಸರ ಕಡೆ, ನನ್ನ ಮನೆಯವರ ಪಕ್ಕ ಕೂತಿದ್ದಾಳೆ. ಈ ಷರ್ಟಿಗೆ ಇಸ್ತ್ರಿ ಹಾಕಿಕೊಟ್ಟವಳೂ ಅವಳೇ. ದಿನಾ ಕಾಫಿ ತಂದುಕೊಡುತ್ತಾಳೆ. ಲೋಟ ಇಸಿದುಕೊಳ್ಳುವಾಗ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತೇನೆ. ಸಕ್ಕರೆ ಸರಿಯಾಗಿದೆ ಎಂದು ಹೇಳುತ್ತೇನೆ. ಇಷ್ಟು ಜನರ ಮುಂದೆ ಮೈಕು ಹಿಡಿದು ಹೇಳುವುದೇ ನನಗೆ ಸುಲಭವಾಯಿತು. ಅದಕ್ಕೂ ನಾಚಿಕೆಯಾಗುತ್ತಿದೆ.

ಕ್ಷಮಿಸು ತಾಯಿ. ನೀನು ಹೇಳಿದ್ದು ಸರಿಯಿತ್ತು. ಅದು ನನಗೆ ಕರೆಂಟು ಹೋದಾಗ ಗೊತ್ತಾದದ್ದಲ್ಲ. ಈ ಬಾಗಿಲಲ್ಲಿ ನಿಂತು ಎಲ್ಲರನ್ನೂ ನಗಿಸಿದೆನಲ್ಲ, ಆಗಲೇ ಗೊತ್ತಿತ್ತು.

ಚಪ್ಪಾಳೆ ಬೇಡ. ಹೊಟ್ಟೆ ಹಸಿದಿದ್ದರೂ ಕೇಳಿಸಿಕೊಂಡಿರಿ, ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ.