ಜೈಲರ್ ಮಗಳ ಕಾಗದ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕದ ಹಿರಿಯರು ಹೆಂಡತಿಗೆ ಪೇಪರ್ ಓದಿ ಹೇಳುತ್ತಿದ್ದರು. ಆಕೆ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು.

“ಪ್ರೇಮಿಗಳ ದಿನದ ಕತೆ ಕಣೇ. ಸಿಪಾಯಿಗಳಿಗೆ ಕದ್ದುಮುಚ್ಚಿ ಮದುವೆ ಮಾಡಿಸ್ತಿದ್ದ ಪಾದ್ರೀನ ರಾಜ ಜೈಲಿಗೆ ಹಾಕ್ಸಿದ್ನಂತೆ. ಪಾದ್ರಿ ಅಲ್ಲಿ ಜೈಲರ್ ಮಗಳಿಗೆ ಹೋದ ಕಣ್ಣು ಬರೋ ಹಾಗೆ ಮಾಡಿದ್ನಂತೆ.”

“ಆಮೇಲೆ?”

“ತಲೆ ತೆಗೆಸಿದ್ರು. ಸಾಯೋ ಮುಂಚೆ ಅವಳಿಗೊಂದು ಕಾಗದ ಬರೆದಿಟ್ಟಿದ್ನಂತೆ.”

“ಪುಣ್ಯವಂತೆ. ನಲವತ್ತು ವರ್ಷದಲ್ಲಿ ನೀವು ನಂಗೆ ಒಂದು ಕಾಗದಾನೂ ಬರೀಲಿಲ್ಲ.”

“ಒಂದೇ ಮನೇಲಿದ್ಕೊಂಡು ಕಾಗದ ಯಾಕೆ?”

ಆಕೆ ಮುಖ ಆ ಕಡೆಗೆ ತಿರುಗಿಸಿಕೊಂಡರು.

“ಸರಿ, ಬರೀತೀನಿ. ದಪ್ಪ ಅಕ್ಷರದಲ್ಲಿ.”

“ಎರಡು ತಿಂಗಳಲ್ಲಿ ಕಣ್ಣು ಪೂರ್ತಿ ಹೋಗುತ್ತೆ ಅಂದಿದಾರೆ ಡಾಕ್ಟ್ರು. ನಿಮ್ಮ ಸೋಮಾರಿತನಕ್ಕೆ ಅಷ್ಟು ದಿನ ಸಾಲಲ್ಲ.”

ನರ್ಸ್ ಕರೆದಳು. ಆಕೆ ಗಂಡನ ತೋಳು ಹಿಡಿದು ಎದ್ದರು.

“ಏನಂತ ಬರೀಲಿ?” ಎಂದು ಅವರು ಬಾಗಿಲಿನವರೆಗೂ ಕೇಳುತ್ತಲೇ ಹೋದರು.