ಮಾವನವರು ಕೊಟ್ಟ ಲಂಗರು

ಹಲೋ... ಯಾರು? ‘ಕಪ್ತಾನ ಮಾತಾಡ್ತಿದೀನಿ’ ಅಂದ್ರೆ? ಯಾವ ಕಪ್ತಾನನಪ್ಪಾ? ಇದು ಐಸ್ ಅಂಗಡಿ. ಹಡಗಿನವರು ನಮಗೆ ಫೋನ್ ಮಾಡಲ್ಲ.

... ಓಹೋ, ನೀನಾ! ಕನ್ನಡಕದ ಅಂಗಡಿ ಕಪ್ತಾನ! ಏನೋ ತಮ್ಮಾ, ಬೆಳಬೆಳಗ್ಗೆ ಅಕ್ಕನ ನೆನಪು? ಎಲ್ಲಿದೀಯ?

... ಹಾಂ? ಸಮುದ್ರದಲ್ಲಾ? ಅಳಿವೆ ದಾಟಿ ಹೊರಗೆ ಹೋದೆಯಾ? ನಿನ್ನೆಯವರೆಗೂ ಹೊಳೇಲಿ ಬಾತುಕೋಳಿ ಹಂಗೆ ಸುತ್ತಾಡ್ತಿದ್ದೆ, ಇವತ್ತು ಆಳಸಮುದ್ರಾನಾ? ಸರಿ ಸರಿ. ಏನು ಬೇಕು?

... ಭಾವ ಇದಾರೆ, ಆದ್ರೆ ಸಿಗಲ್ಲ. ಐಸ್ ಒಡೆಯೋ ಮಿಷನ್ ಬಿಚ್ಚಿಕೊಂಡು ಕೂತಿದಾರೆ, ಮೊಣಕೈವರೆಗೂ ಗ್ರೀಸು. ನನ್ನ ಹತ್ರಾನೇ ಹೇಳು. ಇಲ್ಲ, ಬೈಯಲ್ಲ. ಬೈಯಲ್ಲ ಅಂದ್ನಲ್ಲ.

... ಮೀನು ಸಿಕ್ತಾ ಮೊದಲು ಅದು ಹೇಳು.

... ಒಂದಾ? ಎಷ್ಟುದ್ದ? ... ಬೆರಳಷ್ಟಾ! ಅದು ಮೀನಲ್ಲ ಕಣೋ, ಮೀನಿಗೆ ಹಾಕೋ ಎರೆ ಅದು. ಅದನ್ನ ಹಿಡಿಯೋಕೆ ಆ ಹನ್ನೆರಡು ಜೇಬಿನ ಅಂಗಿ, ಆ ಕೈಗವಸು, ಮೀನು ತೋರಿಸೋ ಆ ಟಿವಿ! ಟಿವೀಲಾದ್ರೂ ಕಾಣಿಸ್ತಾ? ... ಕಾಣಿಸ್ತು, ಬರಲಿಲ್ಲ. ಪಾಪ, ಅವುಕ್ಕೂ ನಿನ್ನ ಕನ್ನಡಕ ಬೇಕೇನೋ.

... ಅದೇನದು ಹಿಂದೆ ಶಬ್ದ? ಯಾರೋ ಓಕರಿಸ್ತಿದಾರಲ್ವಾ? ಒಬ್ಬನೇ ಹೋಗಿಲ್ವಾ?

... ಯಾರು? ಮಾವನವರನ್ನಾ? ನಿನ್ನ ಹೆಂಡತಿ ಅಪ್ಪನನ್ನಾ? ಅಯ್ಯೋ ಪುಣ್ಯಾತ್ಮಾ! ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಗದಿದ್ರೆ ಇಳಿದು ನಡ್ಕೊಂಡು ಹೋಗೋ ಮನುಷ್ಯ ಅವರು. ಅವರನ್ಯಾಕೋ ಕರ್ಕೊಂಡು ಹೋದೆ? ... ಅಳಿಯ ಏನು ಅಂತ ನೋಡಲಿ ಅಂತಾನಾ? ನೋಡ್ತಿದಾರಾ? ... ಮಲಗಿದಾರೆ. ಹೂಂ. ಕಣ್ಣು ಮುಚ್ಚಿಕೊಂಡು ನೋಡ್ತಿದಾರೆ.

... ಲೈಫ್ ಜಾಕೆಟ್ ಹಾಕಿದೀರಾ ಇಬ್ರೂ? ... ದಿಂಬು ಮಾಡಿಕೊಟ್ಟೆಯಾ? ತೆಗಿ! ಮೊದಲು ತೆಗೆದು ಅವರಿಗೆ ಹಾಕು, ನೀನೂ ಹಾಕ್ಕೋ. ನಾನು ಕಾಯ್ತೀನಿ... ಐಸಿಗೆ ಬಂದವರೇ, ಒಂದು ನಿಮಿಷ ತಡೀರಿ. ನಮ್ಮ ಕಪ್ತಾನರು ಬಟ್ಟೆ ಹಾಕ್ಕೊಳ್ತಿದಾರೆ.

... ಹಾಂ, ಹಾಕ್ಕೊಂಡ್ರಾ? ಈಗ ಹೇಳು, ಫೋನ್ ಯಾಕೆ ಮಾಡಿದ್ದು?

... ಕಾಲ ಹತ್ರ ನೀರಾ? ಎಷ್ಟು? ಚಪ್ಪಲಿ ತೇಲ್ತಿದೆಯಾ? ಅದನ್ನ ಹೇಳೋಕೆ ಇಷ್ಟು ಹೊತ್ತಾ? ದೋಣಿ ಹೊರಡೋ ಮೊದಲು ತಳದ ಬೂಚು ಹಾಕಿದೆ ತಾನೇ?

... ಬೂಚು ಬಿಗಿಯಾಗಿದೆ. ಸರಿ. ಹಂಗಾದ್ರೆ ನೀರು ಎಲ್ಲಿಂದ ಬರ್ತಿದೆ? ಸರಿಯಾಗಿ ನೋಡಿ ಹೇಳು.

... ಹಿಂದಿನಿಂದಾ? ಇಂಜಿನ್ ಇರೋ ಕಡೆಯಿಂದ ಅಲೆ ಒಳಗೆ ಬೀಳ್ತಿದೆಯಾ? ಗಾಳಿ ತಿರುಗಿದ ಮೇಲೆ ಶುರುವಾಯ್ತಾ? ಅಲ್ವೋ, ಲಂಗರು ಹಾಕಿದ ದೋಣಿ ಅಲೆಗೆ ಮೂತಿ ಕೊಟ್ಟು ನಿಲ್ಲಬೇಕು. ನಿಂದು ಯಾಕೆ ಬೆನ್ನು ಕೊಟ್ಟು ನಿಂತಿದೆ?... ತಡಿ. ಲಂಗರಿನ ಹಗ್ಗ ಎಲ್ಲಿ ಕಟ್ಟಿದೀಯ?

... ಎಲ್ಲಿ? ಇನ್ನೊಂದು ಸಲ ಹೇಳು.

... ಹಿಂದೆ. ಇಂಜಿನ್ ಪಕ್ಕ. ಭಾವ ಎಷ್ಟು ಸಲ ಬಡ್ಕೊಂಡ್ರು ನಿನ್ನ ಹತ್ರ, ಮುಂದೆ ಕಟ್ಟು, ಮೂತಿಗೆ ಕಟ್ಟು ಅಂತ? ಆಗ ತಲೆ ಆಡಿಸಿದ್ದು ಯಾರು, ನಿನ್ನ ಅಂಗಡಿ ಗೊಂಬೇನಾ?

... ಏನಂದೆ? ಮಾವನವರು ಮೂತಿ ಹತ್ರ ಮಲಗಿದ್ರು... ಅವರನ್ನ ದಾಟಿಕೊಂಡು ಹೆಂಗೆ ಹೋಗೋದು ಅಂತ... ಹಿರಿಯರನ್ನ ತುಳಿದ ಹಂಗಾಗುತ್ತೆ ಅಂತ... ದೇವರೇ! ಮರ್ಯಾದೆ! ಮನೇಲಿ ಅವರ ಪೇಪರು ಕಿತ್ಕೊಂಡು ಓದ್ತೀಯ, ಸಮುದ್ರದಲ್ಲಿ ಮರ್ಯಾದೆ ಬಂತಾ ನಿಂಗೆ?

... ಎಳೀಬೇಡ! ಹಗ್ಗ ಎಳೆದ್ರೆ ಹಿಂಬದಿ ಇನ್ನೂ ಕೆಳಗೆ ಹೋಗುತ್ತೆ, ಮುಂದಿನ ಅಲೆ ಪೂರ್ತಿ ಒಳಗೆ ಬರುತ್ತೆ. ಕೈ ತೆಗಿ ಹಗ್ಗದಿಂದ. ಚಾಕು ಇದೆಯಾ? ... ಇದೆ. ಕೊಯ್ದುಬಿಡು.

... ಯಾಕೆ ಆಗಲ್ಲ?

... ಲಂಗರು ಯಾರು ಕೊಟ್ರೆ ಏನೋ? ಮಾವನವರು ಪ್ರೀತಿಯಿಂದ ಕೊಟ್ಟಿದ್ದು, ಅವರೆದುರೇ ಹೆಂಗೆ ಅಂತಾನಾ? ಹೊಳೆಯೋ ಉಕ್ಕು ಅಂತಾನಾ? ಹೊಳೀಲಿ ಬಿಡು, ತಳದಲ್ಲಿ ಮೀನು ಮುಖ ನೋಡ್ಕೊಳ್ಳಲಿ. ಕೊಯ್ಯೋ!

... ರೀ! ರೀ, ಇಲ್ಲಿ! ಆ ಮಿಷನ್ ಬಿಡಿ. ಇವನು ಹಿಂದಕ್ಕೆ ಲಂಗರು ಕಟ್ಟಿ ಕೂತಿದಾನೆ. ಹೂಂ, ಹಿಂದಕ್ಕೆ. ನಮ್ಮ ದೋಣಿ ತೆಗೀರಿ... ಲೋ, ದೀಪಸ್ತಂಭ ಯಾವ ಕಡೆ ಕಾಣುತ್ತೆ? ... ದಡಕ್ಕೆ ಮುಖ ಮಾಡಿದ್ರೆ ಬಲಗಡೆ, ಹೆಬ್ಬೆರಳಷ್ಟು ಕಾಣುತ್ತಂತೆ. ಕೇಳಿಸ್ತಾ ರೀ? ಬಲಗಡೆ, ಹೆಬ್ಬೆರಳಷ್ಟು!

... ಕೊಯ್ದೆಯಾ? ... ಇನ್ನೂ ಇಲ್ವಾ? ‘ಭಾವನ್ನ ಕೇಳಿ ನೋಡು’ ಅಂದ್ರೆ? ಭಾವ ಆಗಲೇ ಬಾಗಿಲು ದಾಟಿದ್ರು. ನೀನು ಫೋನು ಮಾವನವರಿಗೆ ಕೊಡು. ಕೊಡು ಅಂದೆ.

... ನಮಸ್ಕಾರ, ನಾನು ಇವನ ಅಕ್ಕ. ಹೆಂಗಿದೀರಿ ಅಂತ ಕೇಳಲ್ಲ, ಕೇಳಿಸ್ತಾ ಇದೆ. ನೋಡಿ, ನೀವು ಕೊಟ್ಟ ಲಂಗರಿನ ಹಗ್ಗ ಕೊಯ್ಯಬೇಕು, ಈಗಲೇ. ಇಲ್ಲದಿದ್ರೆ ದೋಣಿ ತುಂಬುತ್ತೆ. ಇವನು ನಿಮ್ಮ ಮುಖ ನೋಡ್ಕೊಂಡು ಚಾಕು ಹಿಡ್ಕೊಂಡು ಕೂತಿದಾನೆ.

... ಹಾಂ? ... ನಿಮಗೂ ಬರೋಕೆ ಇಷ್ಟ ಇರ್ಲಿಲ್ವಾ? ... ಅಳಿಯಂಗೆ ಬೇಜಾರಾಗುತ್ತೆ ಅಂತ ಬಂದ್ರಾ? ... ಚೆನ್ನಾಗಿದೀರ ಬಿಡಿ ಇಬ್ರೂ. ಒಬ್ರ ಮನಸ್ಸು ಒಬ್ರು ನೋಯಿಸಬಾರದು ಅಂತ ಇಬ್ರೂ ಸೇರಿ ಮುಳುಗೋಕೆ ಹೊರಟಿದೀರ. ಸ್ವಲ್ಪ ಗದರಿಸಿ ಅವನಿಗೆ. ನೀವು ಅಲ್ಲೇ ಮುಂದೇನೇ ಇರಿ, ಹಿಂದೆ ಬರಬೇಡಿ.

... ಅಬ್ಬಾ! ನಿಮಗೆ ಇಷ್ಟು ದೊಡ್ಡ ಗಂಟಲಿದೆ ಅಂತ ಗೊತ್ತೇ ಇರ್ಲಿಲ್ಲ.

... ಕೊಯ್ದನಾ? ... ಹೋಯ್ತಾ ಹಗ್ಗ? ಹಿಂದೆ ಇಂಜಿನ್ ಫ್ಯಾನಿಗೆ ಸುತ್ಕೊಂಡಿಲ್ಲ ತಾನೇ? ನೋಡೋಕೆ ಹೇಳಿ... ಸರಿ. ಈಗ ಇಂಜಿನ್ ಶುರು ಮಾಡಲಿ.

... ಇಂಜಿನ್ ದಾರ ಇನ್ನೊಂದು ಸಲ ಎಳೀಲಿ. ... ಇನ್ನೊಂದು ಸಲ. ಅಳ್ತಾ ಎಳೆದ್ರೆ ಶುರುವಾಗಲ್ಲ ಅಂತ ಹೇಳಿ ಅವನಿಗೆ.

... ಹಾಂ! ಕೇಳಿಸ್ತು, ಕೇಳಿಸ್ತು! ಮೂತಿ ಅಲೆ ಕಡೆ ತಿರುಗಿಸಲಿ. ನಿಧಾನ. ಮೀನು ತುಂಬೋಕೆ ಅಂತ ದೊಡ್ಡ ಡಬ್ಬ ತಂದಿದಾನಲ್ಲ? ಖಾಲೀನೇ ಇರುತ್ತೆ, ಅದರಲ್ಲಿ ನೀವು ನೀರು ತೋಡಿ ಹಾಕಿ. ತಲೆಸುತ್ತೂ ಮರೆತು ಹೋಗುತ್ತೆ.

... ಏನಂದ್ರಿ? ಅವನು ನಿಮ್ಮನ್ನ ದಾಟಿಕೊಂಡು ಮುಂದೆ ಬಂದು ಕ್ಷಮೆ ಕೇಳ್ತಿದಾನಾ? ಮತ್ತೆ ಇಂಜಿನ್ ಯಾರು ಹಿಡ್ಕೊಂಡಿದಾರೆ? ಹಿಂದಕ್ಕೆ ಓಡಿಸಿ ಅವನನ್ನ! ಕಾಲು ಹಿಡಿಯೋದು ದಡದಲ್ಲಿ... ಹಲೋ? ... ಹಿಂದೆ ಹೋದನಾ? ... ಹಲೋ, ಕೇಳಿಸ್ತಿಲ್ಲ. ನೀರು ಇಳೀತಾ? ‘ಇಳೀತಾ ಇ’... ಏನು? ಹಲೋ?... ಹಲೋ...

ಫೋನು ಸತ್ತಿತ್ತು. ಅಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಐಸಿಗೆ ನಿಂತವರಿಗೆ ನೀವೇ ತೂಕ ಮಾಡಿಕೊಳ್ಳಿ ಎಂದು ಕೈಯಲ್ಲೇ ಸನ್ನೆ ಮಾಡಿ, ಜೆಟ್ಟಿಯ ತುದಿಯವರೆಗೂ ಬರಿಗಾಲಲ್ಲಿ ನಡೆದಳು. ಗಂಡನ ದೋಣಿ ಅಳಿವೆಯ ಬಾಯಿ ದಾಟುತ್ತಿತ್ತು. ಅವನು ಬಿಚ್ಚಿ ಎಸೆದ ಹಗ್ಗ ಕಂಬದಿಂದ ನೀರಿಗೆ ಜೋತುಬಿದ್ದಿತ್ತು. ಅವಳು ಬಗ್ಗಿ ಅದನ್ನು ಮೇಲಕ್ಕೆಳೆದುಕೊಂಡಳು. ಕಣ್ಣನ್ನು ಸಮುದ್ರದಿಂದ ತೆಗೆಯದೆ, ಎರಡು ದೋಣಿಗಳು ಒಟ್ಟಿಗೆ ಕಾಣುವವರೆಗೂ ಅದನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಳು.