ಡೆಲ್ಫಿಯಾ ಕೊಟ್ಟ ಸಾಲು

ದೀಪ ಸ್ವಲ್ಪ ಇಳಿಸಿ. ಹಾಂ, ಅಷ್ಟು ಸಾಕು.

ಇದು ನಡೆದದ್ದು ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಬರ್ಚೆಲ್ ಟ್ಯಾಕೆಟ್‌ನ ಬಾಳಲ್ಲಿ. ಕೆಂಟಕಿಯ ಈ ಗುಡ್ಡಗಳಲ್ಲಿ ಅವನಷ್ಟು ಪುಕ್ಕಲ ಇನ್ನೊಬ್ಬನಿಲ್ಲ. ಹೆಂಡತಿ ಕೆಮ್ಮಿದರೂ ತಪ್ಪೊಪ್ಪಿಕೊಳ್ಳುವ ಆಸಾಮಿ. ಅಂಥವನ ತಲೆಯ ಮೇಲೇ ಬಿತ್ತು ನೋಡಿ, ಲಾಸ್ಟ್‌ಮೇರ್ ಹೊಳೆಯ ಭಾರ. ಸರ್ಕಾರ ಅಲ್ಲಿ ಅಣೆಕಟ್ಟು ಕಟ್ಟುತ್ತದಂತೆ. ಕೆಳಗಿನ ಪಟ್ಟಣಕ್ಕೆ ನೆರೆ ತಪ್ಪುತ್ತದೆ, ಮೇಲೆ ದೊಡ್ಡ ಕೆರೆಯಾಗುತ್ತದೆ, ಕೆರೆಯಲ್ಲಿ ದೋಣಿ, ಈಜು, ಮೋಜು. ಆ ಕೆರೆಯ ತಳದಲ್ಲಿ ಟ್ಯಾಕೆಟ್ ಮನೆತನದ ಸಮಾಧಿಗಳು. ಅವನ್ನು ಅಗೆದು ಗುಡ್ಡದ ಮೇಲೆ ಹೂಳಲು ಹಿರಿಮಗ ಬರ್ಚೆಲ್ ಒಪ್ಪಬೇಕು. ಅವನು ತಲೆಯಾಡಿಸಿದರೆ ಉಳಿದ ಮನೆಗಳೂ ಆಡಿಸಿದಂತೆಯೇ. ಮಾರನೆಯ ಸಂಜೆ ಶಾಲೆಯಲ್ಲಿ ಸಭೆ.

ಆ ರಾತ್ರಿ ಬರ್ಚೆಲ್ ಮತ್ತು ನೆರೆಮನೆಯ ಕ್ಲೆಲ್ ಒಟ್ಟಿಗೆ ಮನೆಗೆ ನಡೆದಿದ್ದರು. ಪ್ರಾರ್ಥನಾ ಮಂದಿರದ ಬಾವಿ ಹತ್ತಿರ ಬಂತು. ಪಕ್ಕದಲ್ಲೇ ಸಮಾಧಿಗಳು. ಇಬ್ಬರ ದನಿಯೂ ತಾನಾಗಿಯೇ ತಗ್ಗಿತು.

"ನಾಳೆ ಏನಂತೀಯೋ?" ಅಂದ ಕ್ಲೆಲ್.

"ಹೂಂ ಅಂತೀನಿ. ಕೆಳಗಿನೋರೂ ಮನುಷ್ಯರೇ ಅಲ್ವೇನೋ? ಹೋದ ನೆರೆಗೆ ಸೂರಿನ ಮೇಲೆ ಕೂತಿದ್ರು, ಪಾಪ."

"ನೆರೆ ತಡೆಯೋಕೆ ಸಣ್ಣ ಕಟ್ಟೆ ಸಾಕು ಅಂತ ಇಂಜಿನಿಯರೇ ಬಾಯಿ ಬಿಟ್ಟನಲ್ಲೋ! ದೊಡ್ಡದು ದೋಣಿಯೋರ ಶೋಕಿಗೆ. ನಿಮ್ಮಮ್ಮನ ಎದೆ ಮೇಲೆ ಮೋಟಾರು ದೋಣಿ ಓಡಿಸ್ತಾರೆ. ನೀನು ದಡದಲ್ಲಿ ಕೂತು ಕೈ ಬೀಸು."

ಕ್ಲೆಲ್ ತನ್ನ ದಾರಿ ಹಿಡಿದ. ಬರ್ಚೆಲ್ ಒಬ್ಬನೇ ಉಳಿದ.

ಕಿರ್ರ್... ಬಾವಿಯ ರಾಟೆ. ಗಾಳಿಯಿಲ್ಲ. ಕಿರ್ರ್... ಗುಳಕ್. ಕೊಡ ನೀರು ಮುಟ್ಟಿತು. ಆಮೇಲೆ ಸಮಾಧಿಗಳ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡರು...

ನಮ್ಮ ಪ್ರಾರ್ಥನಾ ಮಂದಿರದಲ್ಲಿ ಹಾಡುವ ಕ್ರಮ ಹೀಗೆ: ಹಿರಿಯನೊಬ್ಬ ಒಂದು ಸಾಲನ್ನು ಗಡಗಡನೆ ಹೇಳುತ್ತಾನೆ, ಉಳಿದವರು ಅದನ್ನೇ ಎಳೆದೆಳೆದು ಹಾಡುತ್ತಾರೆ. ಸಾಲು ಕೊಟ್ಟರೆ ಎತ್ತಿಕೊಳ್ಳಲೇಬೇಕು. ತೊಟ್ಟಿಲಲ್ಲೇ ಅಂಟಿದ ಚಟ. ಸಾಲು ಕೊಡುವುದು ಮಾತ್ರ ಗಂಡಸರೇ. ಆದರೆ ಕತ್ತಲೆಯಿಂದ ಬಂದದ್ದು ಹೆಣ್ಣು ದನಿ.

"ಕಡೆಯ ಕಹಳೆಗೆ ಏಳುವೆವು, ಅದಕೂ ಮುನ್ನ ಏಳೆವು ನಾವು."

ಲೋಕದ ಕಡೆಯ ದಿನ ದೇವರ ಕಹಳೆ ಮೊಳಗಿದಾಗ ಸತ್ತವರೆಲ್ಲ ಏಳುತ್ತಾರಲ್ಲ, ಅದರ ಸಾಲು. ಕೊಟ್ಟವಳು ಅವನ ತಾಯಿ ಡೆಲ್ಫಿಯಾ! ಹಿರಿಯರು ರಾಗ ತಪ್ಪಿದಾಗಲೆಲ್ಲ ಮುಂದಿನ ಬೆಂಚಿನಿಂದ ಗುರಾಯಿಸುತ್ತಿದ್ದಳಲ್ಲ, ಅದೇ ಡೆಲ್ಫಿಯಾ. ಬದುಕಿದ್ದಾಗ ಸಿಗದ ಅವಕಾಶವನ್ನು ಸತ್ತ ಮೇಲೆ ಕಿತ್ತುಕೊಂಡಿದ್ದಳು.

ಓಡಬೇಕಿತ್ತು. ಆದರೆ ಚಟ ನೋಡಿ... ಬರ್ಚೆಲ್ ಎತ್ತಿಕೊಂಡುಬಿಟ್ಟ.

"ಏಳೆ...ವು... ನಾ...ವು..."

ಅವನ ಅಂಗಾಲಿನ ಅಡಿಯಿಂದ, ಅದೇ ರಾಗದಲ್ಲಿ, ಇನ್ನೂ ಎಷ್ಟೋ ದನಿಗಳು ಎತ್ತಿಕೊಂಡವು. ಆಗ ಓಡಿದ.

ಹಾಸಿಗೆಯಲ್ಲಿ ಹೆಂಡತಿಯನ್ನು ಅಲುಗಿಸಿದ. "ಓಪಲ್... ಅಮ್ಮ ಹಾಡ್ತಿದ್ಲು ಕಣೇ."

"ರಾಗ ಸರಿಯಿತ್ತಾ?"

"ಸರಿಯಿತ್ತು."

"ಹಾಗಾದ್ರೆ ಅತ್ತೇನೇ. ಮಲಕ್ಕೋ."

ಮಾರನೆಯ ಸಂಜೆ ಶಾಲೆಯಲ್ಲಿ ಇಂಜಿನಿಯರು ಗೋಡೆಗೆ ನಕ್ಷೆ ತೂಗುಹಾಕಿದ. ನೀಲಿ ಕೆರೆ, ಬಿಳಿ ದೋಣಿಗಳು. ಮುಂದಿನ ಸಾಲುಗಳಲ್ಲಿ ಜನ. ಕೊನೆಯ ಸಾಲು ಖಾಲಿ.

"ಟ್ಯಾಕೆಟ್ ಅವರೇ, ಒಪ್ಪಿಗೆ ತಾನೇ? ಹೇಳಿಬಿಡಿ."

ಬರ್ಚೆಲ್ ಎದ್ದ. ಹೂಂ ಅನ್ನಲೆಂದೇ ಬಾಯಿ ತೆರೆದ, ದೇವರಾಣೆ. ಬಾಯಿಂದ ಹೊರಟದ್ದು ಸಾಲು. ಗಡಗಡನೆ, ಒಂದೇ ಉಸಿರಿಗೆ.

"ಕಡೆಯ ಕಹಳೆಗೆ ಏಳುವೆವು, ಅದಕೂ ಮುನ್ನ ಏಳೆವು ನಾವು."

ಸಾಲು ಕೊಟ್ಟ ಮೇಲೆ ಇನ್ನೇನು? ಕ್ಲೆಲ್ ಎತ್ತಿಕೊಂಡ. ಓಪಲ್ ಎತ್ತಿಕೊಂಡಳು. ಸಹಿ ಹಾಕಲು ಪೆನ್ನು ಬಿಚ್ಚಿ ಕೂತಿದ್ದವರೂ ಎತ್ತಿಕೊಂಡರು. ಕಿಟಕಿಯ ಗಾಜು ಝಣಝಣ ಅಂದಿತು. ಇಂಜಿನಿಯರು ಮೇಜು ಕುಟ್ಟಿದ, ಟಕ್ ಟಕ್ ಟಕ್. ಯಾರಿಗೆ ಕೇಳಬೇಕು? ಖಾಲಿ ಸಾಲಿನಿಂದಲೂ ದನಿ ಬರುತ್ತಿತ್ತು... ಯಾರೂ ಹಿಂತಿರುಗಿ ನೋಡಲಿಲ್ಲ.

ಹಾಡು ನಿಂತಿತು.

"ಇದು ಉತ್ತರವಲ್ಲ," ಅಂದ ಇಂಜಿನಿಯರು.

"ಇದೇ ಉತ್ತರ ಸ್ವಾಮಿ." ನಮ್ಮ ಪುಕ್ಕಲನ ದನಿಯಲ್ಲಿ ನಡುಕವೇ ಇರಲಿಲ್ಲ. "ನೆರೆಗೆ ಬೇಕಾದಷ್ಟು ಸಣ್ಣ ಕಟ್ಟೆ ಕಟ್ಟಿ, ಕಲ್ಲು ನಾನೇ ಹೊರ್ತೀನಿ. ನಮ್ಮಮ್ಮನ ಮೇಲೆ ದೋಣಿ ಬಿಡೋಕೆ ನನ್ನ ಸಹಿ ಸಿಗಲ್ಲ. ಅವಳೇ ಏಳಲ್ಲ ಅಂದ ಮೇಲೆ ಎಬ್ಬಿಸೋಕೆ ನಾನ್ಯಾರು? ಧೈರ್ಯ ಇದ್ರೆ ನೀವೇ ಹೋಗಿ ಕೇಳಿ."

ಸಹಿ ಬೀಳಲಿಲ್ಲ. ಇಂದಿಗೂ ಬಿದ್ದಿಲ್ಲ.

ನಗುತ್ತೀರಿ. ನಗಿ. ಆದರೆ ಮರುದಿನ ಶಾಲೆ ಗುಡಿಸಿದವಳು ನನ್ನ ಹೆಂಡತಿ, ಅವಳು ಸುಳ್ಳು ಹೇಳುವವಳಲ್ಲ. ನಮ್ಮ ಮನೆಯಲ್ಲಿ ಸುಳ್ಳು ಹೇಳುವ ಕೆಲಸ ನನ್ನದು. ಯಾರೂ ಕೂರದ ಕೊನೆಯ ಸಾಲಿನಲ್ಲಿ, ಒಂದೊಂದು ಕುರ್ಚಿಯ ಕೆಳಗೂ, ಹಳದಿ ಜೇಡಿಮಣ್ಣು ಉದುರಿತ್ತು. ಇನ್ನೂ ಹಸಿ. ಇದು ನಡೆದದ್ದೇ, ಅವಳನ್ನೇ ಕೇಳಿ. ನಮ್ಮ ಹೊಳೆದಂಡೆಯ ಮಣ್ಣು ಕಪ್ಪು. ಹಳದಿ ಬೇಕೆಂದರೆ ಆಳುದ್ದ ಅಗೆಯಬೇಕು.